ನಲವತ್ತೆಂಟನೆಯ ಪುಟ

ಅರ್ಲೀತಾಳ ಬಲಗೈ ಹೆಬ್ಬೆರಳು ನೆಟ್ಟಗಾಗುವುದಿಲ್ಲ. ನಲವತ್ತು ವರ್ಷ ಪುಸ್ತಕದ ಬೆನ್ನು ಒತ್ತಿ ಒತ್ತಿ ಬಾಗಿಹೋಗಿದೆ. ಉಗುರಿನ ಸಂದಿಯಲ್ಲಿ ಅಂಟು ಒಣಗಿ ಕೂತಿರುತ್ತದೆ. ಭಾನುವಾರ ಚರ್ಚಿಗೆ ಹೊರಡುವ ಮುಂಚೆ ಬಿಸಿನೀರಲ್ಲಿ ಕೈ ನೆನೆಸಿ ಎಷ್ಟು ಕೆರೆದರೂ ಹೋಗುವುದಿಲ್ಲ.

ಅವಳ ಕೆಲಸ ಕೋಲ್ಸ್‌ಫೆರಿ ಊರಿನ ಸಾರ್ವಜನಿಕ ಗ್ರಂಥಾಲಯದ ನೆಲಮಾಳಿಗೆಯಲ್ಲಿ. ಅಲ್ಲಿ ಒಂದು ಉದ್ದನೆಯ ಮೇಜು, ಮೇಜಿನ ಮೇಲೆ ಅಂಟಿನ ಡಬ್ಬಿ, ಕುಂಚ, ದಪ್ಪ ಸೂಜಿ, ಮಡಿಕೆ ತೀಡುವ ಮೂಳೆಯ ತುಂಡು. ಹರಿದ ಪುಸ್ತಕ ಮೇಲಿನಿಂದ ಇಳಿದು ಬರುತ್ತದೆ. ಹೊಲಿದು ಅಂಟಿಸಿದ ಪುಸ್ತಕ ಮೇಲೆ ಹತ್ತಿ ಹೋಗುತ್ತದೆ. ಇನ್ನು ಹೊಲಿಯಲಾರದಷ್ಟು ಹರಿದದ್ದಕ್ಕೆ ಅವಳೇ ಕೆಂಪು ಮುದ್ರೆ ಒತ್ತುತ್ತಾಳೆ. ‘ತೆಗೆದುಹಾಕಲಾಗಿದೆ’ ಎಂಬ ಮುದ್ರೆ. ಮುದ್ರೆ ಬಿದ್ದ ಮೇಲೆ ಬೆನ್ನಿನ ಚೀಟಿ ಕೀಳಬೇಕು. ಬೆನ್ನೊಳಗೆ ಅಡಗಿಸಿಟ್ಟ ಲೋಹದ ಎಳೆಯನ್ನು ಒಂದು ಯಂತ್ರದ ಮೇಲೆ ಉಜ್ಜಿ ಸಾಯಿಸಬೇಕು. ಆ ಎಳೆ ಬದುಕಿದ್ದರೆ ಮುಂಬಾಗಿಲಿನ ಎರಡು ಕಂಬಗಳ ನಡುವೆ ದಾಟುವಾಗ ಗಂಟೆ ಹೊಡೆದುಕೊಳ್ಳುತ್ತದೆ. ಈ ಮೂರೂ ಕೆಲಸ ಅವಳದೇ. ಬೇರೆ ಯಾರೂ ಕಲಿಯಲು ಬರಲಿಲ್ಲ.

ಆ ಕೆಂಪು ಮುದ್ರೆ ಅವಳಿಗೆ ಚಿಕ್ಕಂದಿನಿಂದ ಗೊತ್ತು.

ಅವಳು ಓದಿದ್ದು ಐದನೇ ಕ್ಲಾಸಿನವರೆಗೆ. ಅದೂ ಹತ್ತಿ ಬಿಡಿಸುವ ತಿಂಗಳುಗಳನ್ನು ಕಳೆದು ಉಳಿದಷ್ಟು. ಆಗ ಅಲಬಾಮದಲ್ಲಿ ಕರಿಯರ ಮಕ್ಕಳಿಗೆ ಬೇರೆ ಶಾಲೆ. ಆ ಶಾಲೆಗೆ ಹೊಸ ಪುಸ್ತಕ ಬಂದದ್ದನ್ನು ಯಾರೂ ಕಂಡಿರಲಿಲ್ಲ. ಬಿಳಿಯರ ಶಾಲೆಯಲ್ಲಿ, ಬಿಳಿಯರ ಗ್ರಂಥಾಲಯದಲ್ಲಿ ಹರಿದು, ಗೀಚಿ, ಬೇಡವಾದದ್ದನ್ನು ಗೋಣಿಚೀಲದಲ್ಲಿ ತುಂಬಿ ಕಳಿಸುತ್ತಿದ್ದರು. ಪ್ರತಿಯೊಂದರ ಮೊದಲ ಪುಟದಲ್ಲೂ ಈ ಮುದ್ರೆ. ಆರು ವರ್ಷದ ಅರ್ಲೀತಾಗೆ ಅದನ್ನು ಓದಲು ಬರುತ್ತಿರಲಿಲ್ಲ. ಅದು ತಮ್ಮ ಶಾಲೆಯ ಗುರುತು ಅಂದುಕೊಂಡಿದ್ದಳು. ಕೆಂಪು ಮುದ್ರೆ ಇದ್ದರೆ ಅದು ನಮ್ಮ ಪುಸ್ತಕ.

ಒಂದು ವರ್ಷ ಯಾರೋ ಪುಣ್ಯಾತ್ಮರು ಶಾಲೆಗೆ ಒಂದು ಹೊಸ ಬೈಬಲ್ ಕೊಟ್ಟರು. ಅದರಲ್ಲಿ ಮುದ್ರೆ ಇರಲಿಲ್ಲ. ಅರ್ಲೀತಾಗೆ ಭಯವಾಯಿತು. ಗುರುತಿಲ್ಲದಿದ್ದರೆ ಯಾರಾದರೂ ನಮ್ಮದಲ್ಲ ಅಂತ ಹೊತ್ತುಕೊಂಡು ಹೋಗುತ್ತಾರೆ. ಬೇಲಿಯಲ್ಲಿ ಬಿಟ್ಟಿದ್ದ ಕೆಂಪು ಕಾಯಿ ಹಿಂಡಿ, ಆ ರಸದಲ್ಲಿ ಬೆರಳದ್ದಿ, ಮುದ್ರೆಯ ಆಕಾರವನ್ನು ಮೊದಲ ಪುಟದಲ್ಲಿ ಬರೆದಳು. ಟೀಚರು ಮಿಸ್ ಯೂಲಾ ನೋಡಿದರು. ಹೊಡೆಯುತ್ತಾರೆ ಅಂತ ಅರ್ಲೀತಾ ಕೈ ಚಾಚಿದಳು. ಅವರು ಹೊಡೆಯಲಿಲ್ಲ. ಹೊರಗೆ ಹೋಗಿ ಪೆಕಾನ್ ಮರದ ಕೆಳಗೆ ತುಂಬ ಹೊತ್ತು ಬೆನ್ನು ಹಾಕಿ ನಿಂತಿದ್ದರು.

ಯಾಕೆ ನಿಂತಿದ್ದರು ಅಂತ ಗೊತ್ತಾಗಲು ಅರ್ಲೀತಾಗೆ ಇಪ್ಪತ್ತೈದು ವರ್ಷ ಬೇಕಾಯಿತು. ನೆಲ ಒರೆಸುವ ಕೆಲಸಕ್ಕೆ ಈ ಗ್ರಂಥಾಲಯಕ್ಕೆ ಸೇರಿದಳು. ಕೈ ಚೊಕ್ಕವಾಗಿದೆ ಅಂತ ಹಳೆಯ ಮೇಲಧಿಕಾರಿ ಅಂಟಿನ ಮೇಜಿಗೆ ಕೂರಿಸಿದರು. ಮೊದಲನೆಯ ದಿನವೇ ಮುದ್ರೆಯನ್ನು ಕೈಗೆ ಕೊಟ್ಟು, ಬೇಡವಾದ ಪುಸ್ತಕಕ್ಕೆ ಒತ್ತುವುದು ಇದು ಅಂತ ಓದಿ ಹೇಳಿದರು. ಅವತ್ತು ಮಧ್ಯಾಹ್ನ ಅವಳಿಗೆ ಊಟ ಸೇರಲಿಲ್ಲ.

ಈಗ ಅವಳಿಗೆ ಎಪ್ಪತ್ತನಾಲ್ಕು.

ಆ ಪುಸ್ತಕ ಕೆಳಗಿಳಿದು ಬಂದದ್ದು ನವೆಂಬರಿನ ಮೊದಲ ವಾರ. ಮೇಲಧಿಕಾರಿ ಡೆನಿಸ್ ಹಾರ್ಗೆಟ್ ಅವರೇ ತಂದರು. ಬಿಳಿ ಹೆಂಗಸು, ನಲವತ್ತೈದು ದಾಟಿಲ್ಲ, ಮಾತು ಮೆತ್ತಗೆ.

“ಮಿಸ್ ಅರ್ಲೀತಾ, ಇದರ ಬೆನ್ನು ಮುರಿದಿದೆ. ಗುರುವಾರ ಗ್ರಂಥಾಲಯ ಮಂಡಳಿಯ ಸಭೆಗೆ ಇಡಬೇಕು. ಅಷ್ಟರಲ್ಲಿ ನೋಡೋ ಹಾಗೆ ಮಾಡ್ಕೊಡ್ತೀರಾ?”

“ಸಭೆಗೆ ಪುಸ್ತಕ ಯಾಕೆ?”

“ದೂರು ಬಂದಿದೆ. ಇದು ಅಶ್ಲೀಲ, ಮಕ್ಕಳ ಕೈಗೆ ಸಿಗಬಾರದು, ತೆಗೀರಿ ಅಂತ. ಮಿಸೆಸ್ ಸ್ಟ್ರೌಡ್ ಕೊಟ್ಟಿದ್ದಾರೆ. ಅವರದೊಂದು ಪೋಷಕರ ಸಂಘ ಇದೆಯಲ್ಲ.”

ಅರ್ಲೀತಾ ಪುಸ್ತಕ ಕೈಗೆ ತೆಗೆದುಕೊಂಡಳು. ರಟ್ಟು ನೋಡುವ ಅಗತ್ಯವೇ ಇರಲಿಲ್ಲ. ತೂಕದಲ್ಲೇ ಗೊತ್ತಾಯಿತು. ‘ಬಟ್ಟೆ ಒಗೆದವರು ಹೇಳಿದ್ದು’. ಎಪ್ಪತ್ತೆಂಟನೇ ಇಸವಿಯಲ್ಲಿ ಅವಳ ಚರ್ಚಿನ ಹೆಂಗಸರು ಟೇಪ್ ರೆಕಾರ್ಡರ್ ಹೊತ್ತುಕೊಂಡು ಮನೆಮನೆಗೆ ಹೋಗಿದ್ದರು. ಬಿಳಿಯರ ಮನೆಯ ಬಟ್ಟೆ ಒಗೆದು ಮುದುಕಿಯರಾದ ಮೂವತ್ತೊಂದು ಜನರನ್ನು ಮಾತಾಡಿಸಿ, ಮಾತು ಹೇಗಿತ್ತೋ ಹಾಗೆಯೇ ಅಚ್ಚು ಹಾಕಿಸಿದ್ದರು. ಯಾರ ಮನೆತನದ ಹೆಸರೂ ಇಲ್ಲ. ಆಗಲೂ ಹೆದರಿಕೆ ಇತ್ತು. ರೋಡಾ ಹೇಳಿದ್ದು, ಸೆಫ್ರೋನಿಯ ಹೇಳಿದ್ದು, ಮಿಟ್ಟಿ ಹೇಳಿದ್ದು. ಅಷ್ಟೇ.

ಮಿಟ್ಟಿ ಅಂದರೆ ಅರ್ಲೀತಾಳ ತಾಯಿ. ಡೆನಿಸ್‌ಗೆ ಅದು ಗೊತ್ತಿರಲಿಲ್ಲ. ಅರ್ಲೀತಾ ಯಾವತ್ತೂ ಹೇಳಿರಲಿಲ್ಲ.

ಗ್ರಂಥಾಲಯದಲ್ಲಿ ಆ ಪುಸ್ತಕದ ಎರಡು ಪ್ರತಿ ಇದ್ದವು. ಹಳೆಯದನ್ನು ಅವಳೇ ನಾಲ್ಕು ಸಲ ಹೊಲಿದಿದ್ದಳು. ಊರಿನ ಚರಿತ್ರೆ ಬರೆದುಕೊಂಡು ಬನ್ನಿ ಅಂತ ಶಾಲೆಯಲ್ಲಿ ಹೇಳಿದಾಗಲೆಲ್ಲ ಮಕ್ಕಳು ಅದನ್ನೇ ಒಯ್ಯುತ್ತಿದ್ದರು. ಪುಟದ ಅಂಚು ಮಾಸಿ ಮೆತ್ತಗಾಗಿತ್ತು. ಯಾರೋ ಜ್ಯೂಸು ಚೆಲ್ಲಿದ್ದರು. ಯಾರೋ ಸೆಫ್ರೋನಿಯಳ ಪಕ್ಕ ಪೆನ್ಸಿಲಿನಲ್ಲಿ ‘ನಮ್ಮ ಮುತ್ತಜ್ಜಿ’ ಅಂತ ಬರೆದಿದ್ದರು. ಅದನ್ನು ಅಳಿಸಬೇಕಾದ್ದು ಅರ್ಲೀತಾಳ ಕೆಲಸ. ಅವಳು ಅಳಿಸಿರಲಿಲ್ಲ.

ಈಗ ಬೆನ್ನು ಮುರಿದು ಬಂದದ್ದು ಎರಡನೆಯ ಪ್ರತಿ. ಹೊಸದಾಗಿಯೇ ಇದ್ದದ್ದು.

ಡೆನಿಸ್ ಮೇಲೆ ಹೋದ ಮೇಲೆ ಅರ್ಲೀತಾ ಪುಸ್ತಕವನ್ನು ಬೆನ್ನಿನ ಮೇಲೆ ನಿಲ್ಲಿಸಿ ಕೈಬಿಟ್ಟಳು. ಅದು ಬಾಯಿಬಿಟ್ಟುಕೊಂಡಿತು. ನಲವತ್ತೇಳನೆಯ ಪುಟ. ಮುಚ್ಚಿ ಮತ್ತೆ ನಿಲ್ಲಿಸಿ ಬಿಟ್ಟಳು. ನಲವತ್ತೇಳು. ಇನ್ನೊಂದು ಸಲ. ನಲವತ್ತೇಳು.

ಓದಿದ ಪುಸ್ತಕ ಯಾವುದು, ಓದದ ಪುಸ್ತಕ ಯಾವುದು ಅಂತ ಅವಳ ಕೈಗೆ ಗೊತ್ತು. ಓದಿದ್ದರೆ ಬೆನ್ನು ಉದ್ದಕ್ಕೂ ಒಂದೇ ಸಮ ಸಡಿಲವಾಗುತ್ತದೆ. ಎಲ್ಲಿ ಬೇಕಾದರೂ ತೆರೆದುಕೊಳ್ಳುತ್ತದೆ. ಇದು ಒಂದೇ ಕಡೆ ಪಟ್ಟನೆ ಮುರಿದಿತ್ತು. ಜೆರಾಕ್ಸ್ ಯಂತ್ರದ ಗಾಜಿನ ಮೇಲೆ ಬೋರಲು ಹಾಕಿ, ಅಂಗೈ ಊರಿ, ಮೈಭಾರ ಬಿಟ್ಟು ಒತ್ತಿದರೆ ಮಾತ್ರ ಹಾಗೆ ಮುರಿಯುತ್ತದೆ. ಮಿಕ್ಕ ಪುಟಗಳ ಅಂಚು ಇನ್ನೂ ಒಂದಕ್ಕೊಂದು ಅಂಟಿಕೊಂಡಿದ್ದವು. ಉಗುರಿನಲ್ಲಿ ಬಿಡಿಸಿದರೆ ಚಿರ್ರೆನ್ನುತ್ತಿದ್ದವು. ಯಾರೂ ಮುಟ್ಟಿರಲಿಲ್ಲ.

ನಲವತ್ತೆಂಟನೆಯ ಪುಟವೂ ಹಾಗೆಯೇ ಇತ್ತು.

ಅರ್ಲೀತಾ ಅದನ್ನು ಬಿಡಿಸಲಿಲ್ಲ; ಮೇಲಿನಿಂದ ಹಳೆಯ ಪ್ರತಿ ತಂದು, ಬೆರಳಿಟ್ಟುಕೊಂಡು ಎರಡೂ ಪುಟ ಓದಿದಳು. ಅವಳ ಓದು ನಿಧಾನ. ಆಮೇಲೆ ಹಳೆ ಅಂಟು ಕೆರೆದು, ಹೊಸ ಅಂಟು ಸವರಿ, ಮೇಲೆ ಇಟ್ಟಿಗೆ ಹೇರಿ ಇಟ್ಟಳು. ಅವ್ವನ ಬೆನ್ನು ಸರಿ ಮಾಡುತ್ತಿದ್ದೇನೆ ಅನಿಸಿತು.

ಸಭೆ ಗುರುವಾರ ಮಧ್ಯಾಹ್ನ ಮೂರಕ್ಕೆ ಇಟ್ಟಿದ್ದರು. ಆ ಹೊತ್ತಿಗೆ ಕರಿಯರ ಕೇರಿಯ ಅರ್ಧ ಜನ ಕೋಳಿ ಕಾರ್ಖಾನೆಯಲ್ಲಿ ಕೋಳಿ ಕತ್ತರಿಸುತ್ತಿರುತ್ತಾರೆ. ಬರಲು ಆಗುವುದಿಲ್ಲ. ಆಗಬಾರದು ಅಂತಲೇ ಮೂರು ಗಂಟೆ. ಮುಂದಿನ ಸಾಲುಗಳಲ್ಲಿ ಮಿಸೆಸ್ ಸ್ಟ್ರೌಡಳ ಸಂಘದವರು ಒಂದೇ ಬಣ್ಣದ ಅಂಗಿ ಹಾಕಿ ಕೂತಿದ್ದರು. ಹಿಂದಿನ ಸಾಲಿನಲ್ಲಿ ಅರ್ಲೀತಾ, ಪಕ್ಕದಲ್ಲಿ ಅವಳ ಚರ್ಚಿನ ಗೆಳತಿ ಪರ್ಲೀನ್. ಪರ್ಲೀನಳ ಮಂಡಿ ನೋವು, ಬಾಯಿಗೆ ಮಾತ್ರ ನೋವಿಲ್ಲ.

“ನೋಡೇ ಅರ್ಲೀ, ಎಷ್ಟೊಂದ್ ಜನ ಓದೋರು ನಮ್ಮೂರಲ್ಲಿ! ಗ್ರಂಥಾಲಯದಲ್ಲಿ ಒಬ್ರನ್ನೂ ಕಂಡಿರ್ನಿಲ್ವಲ್ಲೇ ನಾನು,” ಅಂದಳು.

“ಸುಮ್ಕಿರೇ.”

“ಸುಮ್ಕಿದ್ದೂ ಸುಮ್ಕಿದ್ದೂ ಎಪ್ಪತ್ತಾಯ್ತು. ಇನ್ನೆಷ್ಟು ಸುಮ್ಕಿರ್ಲಿ?”

ಮಿಸೆಸ್ ಸ್ಟ್ರೌಡ್ ಎದ್ದಳು. ಚೆಂದದ ಹೆಂಗಸು. ಕೈಯಲ್ಲಿ ಪುಸ್ತಕ ಇರಲಿಲ್ಲ, ಒಂದು ಹಾಳೆ ಇತ್ತು. ನಲವತ್ತೇಳನೆಯ ಪುಟದ ಜೆರಾಕ್ಸ್. ನಡುವೆ ಹಳದಿ ಗೆರೆ ಎಳೆದಿತ್ತು.

“ಇಲ್ಲಿ ಚಿಕ್ಕ ಮಕ್ಕಳಿದ್ದರೆ ದಯವಿಟ್ಟು ಹೊರಗೆ ಕರ್ಕೊಂಡು ಹೋಗಿ,” ಅಂದಳು. ಆಮೇಲೆ ಓದಿದಳು.

ಅರ್ಲೀತಾ ತನ್ನ ತಾಯಿಯ ಮಾತನ್ನು ಆ ಬಾಯಿಂದ ಕೇಳಿದಳು.

ನಲವತ್ತೊಂದನೇ ಇಸವಿ. ಮಿಟ್ಟಿಗೆ ಹತ್ತೊಂಬತ್ತು ವರ್ಷ. ಒಗೆಯಲು ಹೋಗುತ್ತಿದ್ದ ಮನೆಯಲ್ಲಿ ಒಂದು ಬೆಳ್ಳಿ ಚಮಚ ಕಾಣೆಯಾಯಿತು. ಅವಳನ್ನು ಹಿತ್ತಲಿನ ಅಂಗಳದಲ್ಲಿ ನಿಲ್ಲಿಸಿದರು. ಮನೆಯೊಡತಿ, ಒಡತಿಯ ಅತ್ತೆ, ಇಬ್ಬರು ಗಂಡಸರು. ಮೈಮೇಲಿನ ಬಟ್ಟೆಯೆಲ್ಲ ಬಿಚ್ಚು ಅಂದರು. ಬಿಚ್ಚಿದಳು. ತಿರುಗು ಅಂದರು. ತಿರುಗಿದಳು. ತೋಳೆತ್ತು ಅಂದರು. ಎತ್ತಿದಳು. ಒಲೆಯ ಮೇಲೆ ಬಟ್ಟೆ ಬೇಯುತ್ತಿತ್ತು. ಅದರ ಹಬೆ ಬರಿಮೈಗೆ ಹೊಡೆಯುತ್ತಿತ್ತು ಅಂತ ಮಿಟ್ಟಿ ಹೇಳಿದ್ದಳು.

ಮಿಸೆಸ್ ಸ್ಟ್ರೌಡ್ ‘ಬರಿಮೈ’ ಅನ್ನುವಾಗ ಮೂಗು ಸ್ವಲ್ಪ ಮೇಲಕ್ಕೆ ಹೋಯಿತು. ಚರಂಡಿ ದಾಟುವಾಗ ಹೋಗುವ ಹಾಗೆ. ಮುಂದಿನ ಸಾಲಿನ ಹೆಂಗಸೊಬ್ಬಳು ಕಿವಿ ಮುಚ್ಚಿಕೊಂಡಳು.

“ಇಷ್ಟು ಸಾಕು. ಇದಕ್ಕಿಂತ ಹೊಲಸು ಓದೋಕೆ ನನ್ನಿಂದಾಗಲ್ಲ,” ಅಂತ ಹಾಳೆ ಮಡಚಿದಳು. ಚಪ್ಪಾಳೆ ಬಿತ್ತು.

ಹೊಲಸು. ಅರ್ಲೀತಾ ಆ ಮಾತನ್ನು ಬಾಯೊಳಗೆ ಇಟ್ಟುಕೊಂಡು ಕೂತಳು. ನುಂಗಲಾಗಲಿಲ್ಲ, ಉಗುಳಲಾಗಲಿಲ್ಲ.

ಪರ್ಲೀನ್ ಮೊಣಕೈಯಿಂದ ತಿವಿದಳು. “ಏಳೇ. ನಮ್ಮವ್ವನ ಕತೆ ಇದು ಅಂತ ಹೇಳೇ. ಆಗ ನೋಡ್ಲಿ ಮುಖ ಎತ್ತಿ.”

“ಹೇಳಲ್ಲ.”

“ಯಾಕೇ?”

“ಅವ್ವನ್ನ ಇವರ ಮುಂದೆ ಇನ್ನೊಂದು ಸಲ ನಿಲ್ಲಿಸಲ್ಲ ಕಣೇ.”

ಆದರೆ ಎದ್ದಳು. ಯಾರು ಬೇಕಾದರೂ ಮೂರು ನಿಮಿಷ ಮಾತಾಡಬಹುದು ಅಂತ ನಿಯಮ. ಮೂರು ನಿಮಿಷಕ್ಕೆ ಕೆಂಪು ದೀಪ ಹತ್ತುತ್ತದೆ. ಅವಳು ನಿಧಾನಕ್ಕೆ ಮುಂದೆ ನಡೆಯುವಷ್ಟರಲ್ಲಿ ಅರ್ಧ ನಿಮಿಷ ಹೋಯಿತು. ಮಂಡಳಿಯ ಮೇಜಿನ ಮೇಲೆ ಎರಡೂ ಪ್ರತಿಗಳಿದ್ದವು. ಅವನ್ನು ಎತ್ತಿಕೊಂಡು ಅಕ್ಕಪಕ್ಕ ಬೆನ್ನಿನ ಮೇಲೆ ನಿಲ್ಲಿಸಿದಳು. ಎರಡನ್ನೂ ಒಟ್ಟಿಗೆ ಕೈಬಿಟ್ಟಳು. ಹಳೆಯದು ಬೇಲಿಯ ಮೇಲಿನ ಬಟ್ಟೆಯ ಹಾಗೆ ಸಡಿಲವಾಗಿ ಬಿದ್ದು ಎಲ್ಲೋ ತೆರೆದುಕೊಂಡಿತು. ಹೊಸದು ನಲವತ್ತೇಳಕ್ಕೆ ಬಾಯಿಬಿಟ್ಟಿತು. ಎಷ್ಟು ಅಂಟು ಹಾಕಿದರೂ ಮುರಿದ ಜಾಗ ಮುರಿದದ್ದೇ. ಮತ್ತೆ ನಿಲ್ಲಿಸಿ ಬಿಟ್ಟಳು. ಹಳೆಯದು ಬೇರೆ ಪುಟ. ಹೊಸದು ಅದೇ ಪುಟ.

“ಇದೇನಮ್ಮ, ಗಾರುಡಿ ಆಟಾನಾ?” ಅಂದರು ಅಧ್ಯಕ್ಷ ಲೆಡ್‌ಬೆಟರ್. ಕಬ್ಬಿಣದ ಸಾಮಾನಿನ ಅಂಗಡಿಯವರು, ನಗಿಸುವ ಮನುಷ್ಯ. ಎಲ್ಲರೂ ನಕ್ಕರು.

“ಅಲ್ಲ ಸಾರ್. ನಾನು ಪುಸ್ತಕ ಹೊಲಿಯೋಳು. ಓದಿದ್ ಪುಸ್ತಕ ಹಿಂಗಿರುತ್ತೆ. ಓದದೇ ಇರೋದು ಹಿಂಗಿರುತ್ತೆ. ಇದನ್ನ ಯಾರೂ ಓದಿಲ್ಲ ಸಾರ್. ಒಂದೇ ಒಂದು ಪುಟ ಜೆರಾಕ್ಸ್ ಮಾಡವ್ರೆ. ಮುಂದಿನ ಪುಟ ಇನ್ನೂ ಅಂಟ್ಕಂಡೇ ಐತೆ, ನೋಡಿ.”

ಮಿಸೆಸ್ ಸ್ಟ್ರೌಡ್ ಕೂತಲ್ಲಿಂದಲೇ ಹೇಳಿದಳು, “ಹಾಲು ಕೆಟ್ಟಿದೆ ಅಂತ ತಿಳಿಯೋಕೆ ಪೂರ್ತಿ ಕುಡೀಬೇಕಾ?”

ಮತ್ತೆ ಚಪ್ಪಾಳೆ.

“ನೀವು ಓದಿ ಸಿಟ್ಟಾಗಿ ತಾಯಿ,” ಅಂದಳು ಅರ್ಲೀತಾ. ದನಿ ಏರಿಸಲಿಲ್ಲ. “ಪೂರ್ತಿ ಓದಿ, ಇದು ಬ್ಯಾಡ ಅನ್ನಿ. ಆಗ ನಂಗೆ ಇಷ್ಟು ಸಂಕಟ ಆಗಲ್ಲ. ಓದ್ದೇನೇ... ಸಾರ್, ನಂದು ಬೇರೇನೂ ಇಲ್ಲ. ಕೈ ಎತ್ತೋಕೆ ಮುಂಚೆ ಮುಂದಿನ ಪುಟ ಒಂದು ಓದಿಬುಡಿ. ಅರ್ಧ ಪುಟನೂ ಇಲ್ಲ.”

ಕೆಂಪು ದೀಪ ಹತ್ತಿತು.

“ನಿಮ್ಮ ಸಮಯ ಆಯ್ತಮ್ಮ,” ಅಂದರು ಲೆಡ್‌ಬೆಟರ್. “ಇವತ್ತು ಇನ್ನೂ ಹದಿನಾಲ್ಕು ಪುಸ್ತಕ ಇದೆ ನಮಗೆ. ಎಲ್ಲದರ ಮುಂದಿನ ಪುಟ ಓದ್ತಾ ಕೂತರೆ ಕ್ರಿಸ್ಮಸ್ ಇಲ್ಲೇ ಆಗುತ್ತೆ.”

ನಗು. ಐದು ಕೈ ಮೇಲೆ ಹೋದವು, ಎರಡು ಹೋಗಲಿಲ್ಲ. ಎರಡೂ ಪ್ರತಿ ತೆಗೆಯಬೇಕು, ಶುಕ್ರವಾರ ಸಂಜೆಯೊಳಗೆ. ಅಷ್ಟು ಹೊತ್ತೂ ಡೆನಿಸ್ ಒಂದು ಮೂಲೆಯಲ್ಲಿ ಕೂತು ತಮ್ಮ ಕಾಗದಗಳನ್ನೇ ನೋಡುತ್ತಿದ್ದರು.

ಹೊರಗೆ ಬಂದ ಮೇಲೆ ಪರ್ಲೀನ್ ಅರ್ಲೀತಾಳ ಕೋಟಿನ ತೋಳು ಹಿಡಿದುಕೊಂಡು ಬಸ್‌ಸ್ಟಾಪಿನವರೆಗೂ ಕುಂಟಿಕೊಂಡು ಬಂದಳು.

ಶುಕ್ರವಾರ ಮಧ್ಯಾಹ್ನ ಡೆನಿಸ್ ಎರಡು ಪುಸ್ತಕ ಹಿಡಿದು ಕೆಳಗಿಳಿದು ಬಂದರು. ಅರ್ಲೀತಾ ಡಬ್ಬಿ ತೆರೆದು ಮೆಕ್ಕೆಜೋಳದ ಬ್ರೆಡ್ಡು, ಹಂದಿ ಮೂಳೆ ಹಾಕಿ ಬೇಯಿಸಿದ ಸೊಪ್ಪು ತಿನ್ನುತ್ತಿದ್ದಳು. ಡಬ್ಬಿ ಮುಚ್ಚಿದಳು.

“ಮಿಸ್ ಅರ್ಲೀತಾ, ಇವೆರಡು ಸೇರಿಸಿ ಒಟ್ಟು ಹದಿನಾರು. ಮಿಕ್ಕಿದ್ದು ಆಮೇಲೆ ತರ್ತೀನಿ. ಐದು ಗಂಟೆಯೊಳಗೆ ಮುದ್ರೆ ಹಾಕಿ ಪಟ್ಟಿ ಕಳಿಸಬೇಕು.”

ಅರ್ಲೀತಾ ಮುದ್ರೆಯನ್ನು ನೋಡಿದಳು. ಮರದ ಹಿಡಿ ಅವಳ ಅಂಗೈಗೆ ತಕ್ಕ ಹಾಗೆ ಸವೆದಿತ್ತು. ನಲವತ್ತು ವರ್ಷದಲ್ಲಿ ಎಷ್ಟು ಸಾವಿರ ಸಲ ಒತ್ತಿದ್ದಳೋ. ಹುಳ ತಿಂದದ್ದು, ನೀರಲ್ಲಿ ನೆಂದದ್ದು, ನಾಯಿ ಕಡಿದದ್ದು. ಸತ್ತ ಪುಸ್ತಕಕ್ಕೆ ಒತ್ತಿದ್ದಳು. ಬದುಕಿದ್ದಕ್ಕೆ ಒಂದು ಸಲವೂ ಒತ್ತಿರಲಿಲ್ಲ.

“ನಾನು ಒತ್ತಲ್ಲ,” ಅಂದಳು.

“ನಿಮಗೆ ಬೇಜಾರಾಗಿದೆ ಅಂತ ಗೊತ್ತು. ನನಗೂ ಆಗಿದೆ.”

“ಬೇಜಾರಲ್ಲ. ಒತ್ತಲ್ಲ.”

“ಕೆಲಸಕ್ಕೆ ತೊಂದರೆ ಆಗುತ್ತೆ ಮಿಸ್ ಅರ್ಲೀತಾ. ನಿಮ್ಮದೂ, ನನ್ನದೂ.”

“ನಂದು ಆಗ್ಲಿ.”

ಡೆನಿಸ್ ಸ್ಟೂಲಿನ ಮೇಲೆ ಕೂತರು. ಹಣೆ ಉಜ್ಜಿಕೊಂಡರು. “ನನಗೆ ಇಬ್ಬರು ಮಕ್ಕಳಿದ್ದಾರೆ. ಗಂಡನ ಕೆಲಸ ಹೋಗಿ ಎಂಟು ತಿಂಗಳಾಯ್ತು. ನಾನು ಏನು ಮಾಡ್ಲಿ ಹೇಳಿ.”

“ನಾನು ಹೇಳೋಕಾಗಲ್ಲ. ನೀವು ಒತ್ತೋದಾದ್ರೆ ಒತ್ತಿ. ಒತ್ತೋಕೆ ಮುಂಚೆ ಮುಂದಿನ ಪುಟ ಓದಿ. ಬಾಯಿಬಿಟ್ಟು ಓದಿ. ಅಷ್ಟೇ ಕೇಳ್ತೀನಿ.”

ಅರ್ಲೀತಾ ಹಳೆಯ ಪ್ರತಿಯನ್ನು ತೆರೆದು ಕೊಟ್ಟಳು. ಡೆನಿಸ್ ಓದಿದರು. ಬಿಳಿಯ ಹೆಂಗಸಿನ ಬಾಯಲ್ಲೇ ಬಂದರೂ ಈ ಸಲ ಅದು ಅವ್ವನ ದನಿಯೇ ಆಗಿತ್ತು.

“ಅಷ್ಟೊತ್ತಿಗೆ ಅಡುಗೆಮನೆಯಿಂದ ಯಾರೋ ಕೂಗುದ್ರು, ಚಮಚ ಸಿಕ್ತು, ಮುಸುರೆ ತೊಟ್ಟೀಲಿ ಬಿದ್ದಿತ್ತು ಅಂತ. ಈಗ ಅವ್ರಿಗೆ ನನ್ನ ನೋಡಕ್ಕೆ ಆಗ್ದು. ಹಾಕ್ಕೊ ಹಾಕ್ಕೊ, ಬೇಗ ಬಟ್ಟೆ ಹಾಕ್ಕೊ ಅಂದ್ರು. ನಾನು ಬೇಗ ಹಾಕ್ಕಳ್ನಿಲ್ಲ. ಹಿಟ್ಟಿನ ಚೀಲದ ಬಟ್ಟೇಲಿ ನಾನೇ ಹೊಲ್ಕಂಡಿದ್ದ ಅಂಗಿ ಅದು, ಮುಂದುಗಡೆ ಒಂಬತ್ತು ಗುಂಡಿ. ಒಂದು ಗುಂಡಿ ಹಾಕ್ದೆ, ಒಬ್ರ ಮುಖ ನೋಡ್ದೆ. ಇನ್ನೊಂದು ಹಾಕ್ದೆ, ಇನ್ನೊಬ್ರ ಮುಖ ನೋಡ್ದೆ. ಅವ್ರು ನಾಕು ಜನ, ನನ್ ಗುಂಡಿ ಒಂಬತ್ತು. ಅದ್ಕೆ ಎಲ್ರನ್ನೂ ಎಲ್ಡೆಲ್ಡು ಸಲ ನೋಡ್ದೆ. ಒಂಬತ್ತನೇದು ಹಾಕೋವಾಗ ಅಂಗಳದಲ್ಲಿ ಯಾರೂ ಇರ್ನಿಲ್ಲ, ಎಲ್ರೂ ಒಳಕ್ಕೆ ಹೋಗಿದ್ರು. ಒಲೆಗೆ ನೀರು ಸುರ್ದು ಮನೆಗೆ ಬಂದೆ. ಆ ಮನೆಗೆ ಮತ್ತೆ ಹೋಗ್ನಿಲ್ಲ. ನೋಡ್ರವ್ವ, ನೀವು ಬರ್ಕಳದಾದ್ರೆ ಎಲ್ಡೂ ಬರ್ಕಳಿ. ಬಿಚ್ಚುಸ್ದೋರು ಅವ್ರು. ಗುಂಡಿ ಹಾಕ್ಕಂಡೋಳು ನಾನು. ಒಂದ್ನೇ ಬರ್ದು ಬುಡಬ್ಯಾಡಿ.”

ಡೆನಿಸ್ ಪುಟದಿಂದ ಕಣ್ಣೆತ್ತದೆ ಕೇಳಿದರು,

“ಈ ಮಿಟ್ಟಿ ಯಾರು ಅಂತ ನಿಮಗೆ ಗೊತ್ತಾ?”

“ನಮ್ಮವ್ವ,” ಅಂದಳು ಅರ್ಲೀತಾ.

ಡೆನಿಸ್ ಅಳುತ್ತಿದ್ದರು. ಅಳುತ್ತಲೇ ಮುದ್ರೆ ತೆಗೆದುಕೊಂಡರು, ಕೆಂಪು ಶಾಯಿಯಲ್ಲಿ ಅದ್ದಿದರು. ಹೊಸ ಪ್ರತಿಯ ಮೊದಲ ಪುಟಕ್ಕೆ ಒತ್ತಿದರು. ಹಳೆಯ ಪ್ರತಿಗೆ ಒತ್ತುವಾಗ ಮುದ್ರೆ ಓರೆಯಾಯಿತು. ಆದರೆ ಬಿತ್ತು. ಅತ್ತುಕೊಂಡು ಒತ್ತಿದರೂ ಅದು ಕೆಂಪಗೇ ಬೀಳುತ್ತದೆ.

ಚೀಟಿ ಕೀಳಲು ಅವರಿಗೆ ನೆನಪಾಗಲಿಲ್ಲ. ಎಳೆ ಸಾಯಿಸುವುದು ಗೊತ್ತೇ ಇರಲಿಲ್ಲ.

“ಇವನ್ನ ಕತ್ತರಿಸಿ ರದ್ದಿಗೆ ಕಳಿಸಬೇಕು ಅಂತ ಬರೆದಿದ್ದಾರೆ,” ಅಂದರು ಡೆನಿಸ್, ಮೂಗು ಒರೆಸಿಕೊಂಡು. ಆಮೇಲೆ ದನಿ ತಗ್ಗಿಸಿದರು. “ಒಂದನ್ನ ನೀವು ಇಟ್ಕೊಳ್ಳಿ. ಚೀಲದಲ್ಲಿ ಕೆಳಗೆ ಹಾಕಿ, ಮೇಲೆ ಊಟದ ಡಬ್ಬಿ ಇಡಿ. ಹಿಂಬಾಗಿಲು ತೆಗೆದಿರ್ತೀನಿ. ನಾನು ನೋಡಿಲ್ಲ ಅಂದ್ಕೋತೀನಿ.”

ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಅರ್ಲೀತಾಗೆ ಗೊತ್ತಿತ್ತು. ಗೊತ್ತಿದ್ದೂ ಮೈ ಉರಿಯಿತು.

ಆ ಹಿಂಬಾಗಿಲು ಅವಳಿಗೆ ಹೊಸದಲ್ಲ. ಚಿಕ್ಕಂದಿನಲ್ಲಿ ಅವ್ವನ ಲಂಗ ಹಿಡಿದು ಅಲ್ಲಿಗೆ ಬಂದಿದ್ದಳು. ಮುಂಬಾಗಿಲು ಬಿಳಿಯರಿಗೆ. ಕರಿಯರು ಕಸದ ಡಬ್ಬಿಗಳ ಪಕ್ಕ, ಹಿಂಬಾಗಿಲ ಮೆಟ್ಟಿಲ ಕೆಳಗೆ ನಿಲ್ಲಬೇಕು. ಬೇಡವಾದ ಪುಸ್ತಕ ಇದ್ದರೆ ಕೊಡುತ್ತಾರೆ. ಅವ್ವ ಅದನ್ನು ಒಗೆಯುವ ಬಟ್ಟೆಯ ಗಂಟಿನಲ್ಲಿ ಸುತ್ತಿ ಹೊತ್ತುಕೊಂಡು ಬರುತ್ತಿದ್ದಳು. ದಾರಿಯಲ್ಲಿ ಯಾರಾದರೂ ಕೇಳಿದರೆ ಕದ್ದದ್ದು ಅನ್ನುತ್ತಾರೆ ಅಂತ.

“ಬ್ಯಾಡ,” ಅಂದಳು ಅರ್ಲೀತಾ.

ಕೈ ತೊಳೆದಳು. ಕುಂಚ ತೊಳೆದು ಕಿಟಕಿಯ ಹತ್ತಿರ ಒಣಗಲು ಇಟ್ಟಳು. ಅಂಟಿನ ಡಬ್ಬಿಯ ಮುಚ್ಚಳ ಬಿಗಿದಳು. ನಾಳೆ ಬರುವವಳ ಹಾಗೆಯೇ ಎಲ್ಲ ಮಾಡಿದಳು. ಕೋಟು ಹಾಕಿಕೊಂಡಳು. ಚೀಲವನ್ನು ಹೆಗಲಿಗೆ ಹಾಕಿಕೊಂಡು ಹಳೆಯ ಪ್ರತಿಯನ್ನು ಕೈಯಲ್ಲಿ ಹಿಡಿದಳು. ಎಳೆ ಬದುಕಿದೆ ಅಂತ ಅವಳಿಗೆ ಗೊತ್ತಿತ್ತು. ಅದನ್ನು ಒಳಗಿಟ್ಟು ಬೆನ್ನು ಹೊಲಿದವಳು ಅವಳೇ.

“ಮಿಸ್ ಅರ್ಲೀತಾ, ಬೇಡ,” ಅಂದರು ಡೆನಿಸ್.

ಅರ್ಲೀತಾ ಮೆಟ್ಟಿಲು ಹತ್ತಿದಳು. ಒಂದೊಂದು ಮೆಟ್ಟಿಲಿಗೂ ಎರಡು ಕಾಲು. ಮೇಲೆ ಊರಿನ ಚರಿತ್ರೆಯ ಕಪಾಟಿನ ಮುಂದೆ ಹಾದುಹೋಗಬೇಕು. ಅಲ್ಲಿ ಆ ಪುಸ್ತಕ ಇದ್ದ ಜಾಗಕ್ಕೆ ಪಕ್ಕದ್ದು ಆಗಲೇ ಒರಗಿಕೊಂಡಿತ್ತು. ಮನೆಗೆ ಒಯ್ದರೆ ಅವ್ವ ಮನೆಯಲ್ಲಿರುತ್ತಾಳೆ. ಮುಂದಿನ ವರ್ಷ ಊರಿನ ಚರಿತ್ರೆ ಹುಡುಕಿಕೊಂಡು ಬರುವ ಮಗುವಿಗೆ ಇಲ್ಲಿ ಸಿಗುವುದಿಲ್ಲ. ಮಿಟ್ಟಿ ಅಂತ ಒಬ್ಬಳಿದ್ದಳು ಅಂತ ಕೂಡ ಗೊತ್ತಾಗುವುದಿಲ್ಲ. ಇದು ಗೆದ್ದದ್ದಲ್ಲ ಅಂತ ಅರ್ಲೀತಾ ತಿಳಿದೇ ನಡೆದಳು.

ಎರಡು ಕಂಬಗಳ ನಡುವೆ ಕಾಲಿಟ್ಟಳು. ಗಂಟೆ ಹೊಡೆದುಕೊಂಡಿತು.

ಎಲ್ಲರೂ ತಿರುಗಿದರು. ಕಂಪ್ಯೂಟರಿನ ಮುಂದೆ ಕೂತಿದ್ದ ಮೂವರು ಗಂಡಸರು. ಪತ್ರಿಕೆ ಓದುತ್ತಿದ್ದ ಮುದುಕ. ಮಗುವನ್ನು ಎತ್ತಿಕೊಂಡಿದ್ದ ಹೆಂಗಸು. ಬಾಗಿಲು ಕಾಯುವ ಹಾಯ್ಟ್ ಓಡಿ ಬಂದ. ಅರವತ್ತು ದಾಟಿದ ಬಿಳಿಯ. ಹತ್ತು ವರ್ಷದಿಂದ ದಿನಾ ಬೆಳಗ್ಗೆ ಅವಳಿಗೆ ಹವಾಮಾನ ಹೇಳುವವನು.

“ಏನಿಲ್ಲ ಬಿಡಿ, ಯಂತ್ರ ಹಾಳಾಗಿರಬೇಕು,” ಅಂದ. ಆಮೇಲೆ ಅವಳ ಮುಖ ನೋಡಿದ. ದನಿ ಸಣ್ಣದಾಯಿತು. “ಮಿಸ್ ಅರ್ಲೀತಾ, ಗಂಟೆ ಹೊಡೆದರೆ ಚೀಲ ನೋಡಬೇಕು. ನಿಯಮ. ಎಲ್ಲರೂ ನೋಡ್ತಾ ಇದ್ದಾರೆ... ಒಂದು ಸಲ ತೆರೆದು ತೋರಿಸಿಬಿಡಿ.”

“ಹುಡುಕಬೇಕಾಗಿಲ್ಲ ಹಾಯ್ಟ್. ಕೈಲೇ ಐತೆ.”

ಪುಸ್ತಕವನ್ನು ಬಾಗಿಲ ಪಕ್ಕದ ಕೌಂಟರಿನ ಮೇಲಿಟ್ಟು ಮೊದಲ ಪುಟ ತೆರೆದಳು. ಕೆಂಪು ಮುದ್ರೆ ಇನ್ನೂ ಹಸಿಯಾಗಿತ್ತು.

“ಇದರ ಗುರುತು ನಾನು ಬಲ್ಲೆ,” ಅಂದಳು. “ಈ ಮುದ್ರೆ ಇದ್ರೆ ಅದು ನಮ್ದು.”

ಹಾಯ್ಟ್‌ಗೆ ಅರ್ಥವಾಗಲಿಲ್ಲ. ಗಂಟೆ ನಿಲ್ಲಿಸುವ ಕೀಲಿ ಅವನ ಸೊಂಟದಲ್ಲೇ ಇತ್ತು. ಕೈ ಹೋಗಲಿಲ್ಲ. ಡೆನಿಸ್ ಮೆಟ್ಟಿಲು ಹತ್ತಿ ಬಂದು ಅಲ್ಲೇ ನಿಂತರು.

ಹೊರಗೆ ಚಳಿ. ಅರ್ಲೀತಾಳ ಕೋಟು ತೆರೆದೇ ಇತ್ತು. ಕೋಟಿಗೆ ಐದು ಗುಂಡಿ. ಅವಳು ಬಾಗಿದ ಹೆಬ್ಬೆರಳಿನಿಂದ ಮೊದಲನೆಯದನ್ನು ಹಾಕಿಕೊಂಡಳು. ಹಾಯ್ಟ್‌ನ ಮುಖ ನೋಡಿದಳು. ಎರಡನೆಯದು ಹಾಕಿಕೊಂಡಳು. ಡೆನಿಸ್‌ರ ಮುಖ ನೋಡಿದಳು. ಡೆನಿಸ್ ಗೋಡೆಯ ಕಡೆ ತಿರುಗಿದರು. ಮೂರನೆಯದು ಬೆರಳಿಗೆ ಸಿಗದೆ ಜಾರಿತು. ಅವಳು ಅವಸರ ಮಾಡಲಿಲ್ಲ. ಗಂಟೆ ಹೊಡೆಯುತ್ತಲೇ ಇತ್ತು. ಮೂರನೆಯದು. ನಾಲ್ಕನೆಯದು. ಐದನೆಯದು ಹಾಕುವ ಹೊತ್ತಿಗೆ ಕಂಪ್ಯೂಟರಿನವರು ಕಂಪ್ಯೂಟರಿಗೆ, ಪತ್ರಿಕೆಯವನು ಪತ್ರಿಕೆಗೆ ತಲೆ ತಗ್ಗಿಸಿಯಾಗಿತ್ತು. ಆ ಮಗು ಒಂದೇ ಇನ್ನೂ ನೋಡುತ್ತಿತ್ತು.

ಅರ್ಲೀತಾ ಪುಸ್ತಕ ಎತ್ತಿಕೊಂಡಳು. ಮುಂಬಾಗಿಲಿನಿಂದ ಹೊರಗೆ ಹೋದಳು.